ಕಪಾಟಿನೊಳಗೆ ಹನ್ನೊಂದು ಮಂದಿ

ಗಾದ್ರಪ್ಪ ಕುಡಿಯುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ, ಏಕೆಂದರೆ ಮುಂದೆ ಬಾಟಲಿಗಳು ಬಹಳ ಬರುತ್ತವೆ, ಬಡಪಾಯಿಯ ಮೇಲೆ ಯಾರೂ ಅನುಮಾನಪಡಬಾರದು. ಅವನನ್ನು ಹಾಳು ಮಾಡಿದ್ದು ಹೆಂಡವಲ್ಲ, ಹವ್ಯಾಸ. ಚಳ್ಳಕೆರೆಯ ಮೊದಲ ಬಾಡಿಗೆ ಮನೆಯ ಮಾಳಿಗೆಯಲ್ಲಿ ಜೇನು ಸಾಕಿದ. ಮಾಲೀಕರ ಮುಖ ಊದಿತು, ಮನೆ ಬಿಟ್ಟ. ಎರಡನೆಯದರಲ್ಲಿ ಮಂಚದ ಕೆಳಗೆ ಅಣಬೆ ಬೆಳೆದ. ಮೂರನೆಯದರಲ್ಲಿ ಪಾರಿವಾಳ. ನಾಲ್ಕನೆಯ ಮನೆಯಲ್ಲಿ ಏನಾಯಿತೆಂದು ಅವನ ಹೆಂಡತಿ ಶಶಿರೇಖಾ ಇವತ್ತಿಗೂ ಯಾರಿಗೂ ಹೇಳಿಲ್ಲ. ನಾವೂ ಕೇಳುವುದು ಬೇಡ.

ಐದನೆಯದು ಮೊಳಕಾಲ್ಮೂರಿನ ನೇಕಾರರ ಬೀದಿಯ ಈ ಮನೆ. ಶಶಿರೇಖಾ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುವವಳು. ಮಗ್ಗದಿಂದ ಇಳಿದ ಸೀರೆ ನಾಲ್ಕೇ ಹೆಜ್ಜೆಗೆ ಅವಳ ಜಗಲಿಗೆ ಬರುತ್ತಿತ್ತು, ಜಗಲಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಒಳ್ಳೆಯ ಬೆಳಕಿರುತ್ತಿತ್ತು. ಒಲೆ ಹೂಡಿದ ದಿನವೇ ಅವಳು ಗಂಡನನ್ನು ಕೂರಿಸಿಕೊಂಡು ಹೇಳಿದಳು.

"ನೋಡ್ರಿ, ಈ ಮನೇನೂ ಬಿಡಂಗಾದ್ರೆ ನೀವೊಬ್ರೇ ಬಿಡ್ರಿ. ನಾನು ಇಲ್ಲೇ ಇರ್ತೀನಿ. ಇನ್ನೊಂದ್ಸಲ ಪಾತ್ರೆ ಪಗಡ ಮೂಟೆ ಕಟ್ಟಾಕೆ ನನ್ನ ಕೈಲಾಗಲ್ಲ."

ಶಶಿರೇಖಾ ತಮಾಷೆ ಮಾಡುವವಳಲ್ಲ. ಗಾದ್ರಪ್ಪನಿಗೆ ಹೆಂಡತಿಯೆಂದರೆ ಜೀವ. ಅವಳಿಲ್ಲದೆ ಅವನಿಗೆ ತನ್ನ ಟವೆಲ್ ಎಲ್ಲಿದೆಯೆಂದೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಎಂಟು ತಿಂಗಳು ಅವನು ಯಾವ ಹವ್ಯಾಸವೂ ಇಲ್ಲದ ಮನುಷ್ಯನಾಗಿ, ಕಷ್ಟಪಟ್ಟು ಬದುಕಿದ.

ಅವನ ಕೆಲಸ ಕುದಾಪುರದ ಕಡೆ, ಹುಲ್ಲುಗಾವಲಿಗೆ ಬೇಲಿ ಹಾಕಿ ಕಟ್ಟಿದ ಒಂದು ದೊಡ್ಡ ಸಂಸ್ಥೆಯ ಅತಿಥಿಗೃಹದಲ್ಲಿ. ಹಾಸಿಗೆ ಹಾಸುವುದು, ಕಾಫಿ ಕೊಡುವುದು, ರಿಜಿಸ್ಟರಿನಲ್ಲಿ ಕೆಂಪು ಇಂಕಿನಿಂದ ಬಂದವರ ಹೆಸರು ಬರೆಯುವುದು. ಒಮ್ಮೆ ಅಲ್ಲಿಗೆ ತಲೆ ನರೆತ ವಿಜ್ಞಾನಿಯೊಬ್ಬರು ಬಂದರು. ಸೋಡಾ ತರಿಸಿಕೊಂಡು, ಚೀಲದಿಂದ ಹೆಬ್ಬೆರಳುದ್ದದ ಬಾಟಲಿ ತೆಗೆದು, ಮೂರೇ ಮೂರು ಹನಿ ಬಿಟ್ಟರು. ಸೋಡಾ ಕೆಂಪಗಾಯಿತು.

"ಔಷಧಾನಾ ಸಾರ್?"

"ಬಿಟರ್ಸ್ ಅಂತಾರಪ್ಪ. ಬೇರು, ತೊಗಟೆ, ಹಣ್ಣಿನ ಸಿಪ್ಪೆ ಇವನ್ನೆಲ್ಲ ಸಾರಾಯಿಯಲ್ಲಿ ನೆನೆಹಾಕಿ ಇಳಿಸಿದ ಕಹಿ. ಕಾಕ್‌ಟೇಲ್ ಮಾಡೋರು ಹಾಕ್ತಾರೆ. ನಾನು ಬರೀ ಸೋಡಾಕ್ಕೆ. ಇದನ್ನ ಕುಡಿಯೋದಲ್ಲ, ತೊಟ್ಟಿಕ್ಕಿಸೋದು."

ಅವರು ಕೊಟ್ಟ ಒಂದು ಲೋಟವನ್ನು ಗಾದ್ರಪ್ಪ ಗುಟುಕರಿಸಿದ. ನಾಲಿಗೆ ಮುದುರಿತು, ಕಿವಿ ಬಿಸಿಯಾಯಿತು, ಆಮೇಲೆ ಗಂಟಲಿನ ಆಳದಲ್ಲೆಲ್ಲೋ ಒಂದಿಷ್ಟು ಸಿಹಿ ತಲೆಯೆತ್ತಿತು. ಹೋಗುವಾಗ ವಿಜ್ಞಾನಿಗಳು ಅರ್ಧ ಬಾಟಲಿಯನ್ನು ಅವನಿಗೇ ಬಿಟ್ಟುಹೋದರು. ಎಂಟು ತಿಂಗಳ ಸಂಯಮ ಅಲ್ಲಿಗೆ ಮಣ್ಣು ಮುಕ್ಕಿತು.

ಅರ್ಧ ವರ್ಷದೊಳಗೆ, ಬಂದ ಅತಿಥಿಗಳನ್ನೆಲ್ಲ ಕಾಡಿ ಬೇಡಿ ಅವನು ನಾಲ್ಕು ಬಾಟಲಿ ಕೂಡಿಸಿದ. ಒಂದು ವಿಜ್ಞಾನಿಗಳದು, ಒಂದು ಕಿತ್ತಳೆಯದು, ಒಂದು ಲವಂಗದ್ದು, ಒಂದಕ್ಕೆ ಚೀಟಿಯೇ ಇಲ್ಲ. ಮನೆಯ ಮಜ್ಜಿಗೆಗೆ ಎರಡು ಹನಿ, ನಿಂಬೆಹಣ್ಣಿನ ಪಾನಕಕ್ಕೆ ಮೂರು. ಕಬ್ಬಿನ ಹಾಲಿನ ಅಂಗಡಿಗೆ ಅಂಗಿಯ ಜೇಬಿನಲ್ಲಿ ಬಾಟಲಿ ಇಟ್ಟುಕೊಂಡೇ ಹೋಗುತ್ತಿದ್ದ. "ಕಹಿ ಗೊತ್ತಿಲ್ಲದ ನಾಲಿಗೆ ನಾಲಿಗೆನೇ ಅಲ್ಲ" ಎಂದು ಬಸ್ಸಿನಲ್ಲಿ ಪಕ್ಕದವರಿಗೆ ಉಪದೇಶ ಮಾಡುತ್ತಿದ್ದ.

"ಯುಗಾದಿಗೆ ಎರಡೆಸಳು ಬೇವು ತಿನ್ರಿ ಅಂದ್ರೆ ಬೆಲ್ಲದಾಗೆ ಮುಚ್ಚಿ ನುಂಗ್ತಿದ್ರಿ," ಅಂದಳು ಶಶಿರೇಖಾ. ಆದರೆ ಜೇನು ಕಚ್ಚುತ್ತದೆ, ಪಾರಿವಾಳ ಹೇಲುತ್ತದೆ. ನಾಲ್ಕು ಪುಟ್ಟ ಬಾಟಲಿ ಯಾರಿಗೆ ಏನು ಮಾಡೀತು ಎಂದು ಸುಮ್ಮನಾದಳು. ಅವಳ ಬಾಳಿನಲ್ಲಿ ಅವಳು ಹಾಕಿದ ತಪ್ಪು ಅಂದಾಜು ಅದೊಂದೇ.

ನಾಲ್ಕೂ ಬಾಟಲಿ ಬರಿದಾದಾಗ ಗಾದ್ರಪ್ಪ ತಾನೇ ತಯಾರಿಸಲು ನಿಂತ. ಊರಿನ ಅಂಗಡಿಯಲ್ಲಿ ಕೊಂಡರೆ ಮಾನ ಹೋಗುತ್ತದೆಂದು ಚಳ್ಳಕೆರೆಯಿಂದ ಬ್ರಾಂದಿ ತಂದ. ಹೋಮಿಯೋಪತಿ ಅಂಗಡಿಯಿಂದ ಪುಟ್ಟ ಬಾಟಲಿಗಳು. ಎದುರು ಮನೆಯ ಕ್ಯಾತಮ್ಮನ ಹಿತ್ತಲಿನಿಂದ ಬೇವಿನ ತೊಗಟೆ. ಪಂಚಾಯಿತಿಯ ನೀರುಗಂಟಿ ದಾಸಣ್ಣ ಟ್ಯಾಂಕಿನ ಸುತ್ತ ಕಿತ್ತು ಕೊಟ್ಟ ನೆಲಬೇವು. ಮನೆ ಮಾಲೀಕ ವೆಂಕಟಪ್ಪನ ಬೇಲಿಗೆ ಹಬ್ಬಿದ್ದ ಅಮೃತಬಳ್ಳಿ. ಹೀಗೆ ಹನ್ನೊಂದು ಮನೆಗಳಿಂದ ಹನ್ನೊಂದು ಕಹಿ.

ಗಾದ್ರಪ್ಪ ಕೃತಜ್ಞತೆಯುಳ್ಳ ಮನುಷ್ಯ. ತೊಗಟೆಯನ್ನು ನೋಡಿದರೆ ತೊಗಟೆಯೆಂದು ತಿಳಿಯುತ್ತದೆ, ಕೊಟ್ಟವರ ಹೆಸರು ಮಾತ್ರ ಮರೆತುಹೋಗಬಾರದು ಎಂದು ಪ್ರತಿ ಬಾಟಲಿಗೂ ಚೀಟಿ ಅಂಟಿಸಿ, ಅತಿಥಿಗೃಹದ ಕೆಂಪು ಪೆನ್ನಿನಲ್ಲಿ ಕೊಟ್ಟವರ ಹೆಸರು ಬರೆದ. ಹದಿನಾಲ್ಕು ದಿನ, ದಿನಕ್ಕೊಮ್ಮೆ ಬಾಟಲಿ ಅಲ್ಲಾಡಿಸಬೇಕಿತ್ತು. ಎಣಿಕೆ ತಪ್ಪಬಾರದಲ್ಲ? ವೆಂಕಟಪ್ಪನ ತಾಯಿ ಪೆದ್ದಮ್ಮ ತನ್ನ ಉಪವಾಸದ ದಿನಗಳನ್ನು ರೇಷ್ಮೆ ದಾರಕ್ಕೆ ಗಂಟು ಹಾಕಿ ಎಣಿಸುವುದನ್ನು ಅವನು ನೋಡಿದ್ದ. ಮಗ್ಗದ ತುಂಡು ದಾರ ತಂದು ಬಾಟಲಿಗಳ ಕುತ್ತಿಗೆಗೆ ಸುತ್ತಿ, ದಿನಕ್ಕೊಂದು ಗಂಟು ಹಾಕತೊಡಗಿದ. ವಾರದ ರಜೆ ಅವತ್ತೇ ಸಿಕ್ಕಿದ್ದರಿಂದ ಅಮಾವಾಸ್ಯೆಯ ದಿನ ಶುರು ಮಾಡಿದ. ಕತ್ತಲೆಯಲ್ಲಿರಬೇಕೆಂದು ನಡುಮನೆಯ ಕಪಾಟಿನಲ್ಲಿ ಸಾಲಾಗಿ ಇಟ್ಟ. ಕಪ್ಪು ನೀರು, ಕೆಂಪು ಅಕ್ಷರ, ಗಂಟು ಬಿದ್ದ ದಾರ, ಅಮಾವಾಸ್ಯೆ. ಇವೆಲ್ಲ ಒಂದೆಡೆ ಕೂಡಿದರೆ ಏನೆಂದು ಮೂರು ವರ್ಷದ ಕೂಸಿಗೂ ಗೊತ್ತು. ಗಾದ್ರಪ್ಪನಿಗೆ ಹೊಳೆಯಲಿಲ್ಲ.

ಏಳನೆಯ ಗಂಟಿನ ದಿನ, ಮಟಮಟ ಮಧ್ಯಾಹ್ನ, ಪೆದ್ದಮ್ಮ ಹೆಪ್ಪಿಗೆ ಮೊಸರು ಕೇಳಲು ಬಂದಳು. ಜೊತೆಗೆ ಕ್ಯಾತಮ್ಮ. ಶಶಿರೇಖಾ ಸೀರೆ ಕೊಟ್ಟುಬರಲು ಹೋಗಿದ್ದಳು, ಗಾದ್ರಪ್ಪ ಬಚ್ಚಲಲ್ಲಿದ್ದ. ಸ್ವಂತ ಮನೆಯಲ್ಲಿ ಮೊಸರು ಹುಡುಕಲು ಯಾರನ್ನು ಕೇಳಬೇಕೆಂದು ಪೆದ್ದಮ್ಮ ಕಪಾಟು ತೆರೆದಳು.

ನೆನೆದು ಉಬ್ಬಿದ ತೊಗಟೆಯ ಚೂರೊಂದು ಮುದುಕಿಯ ಬೆರಳಿನ ಹಾಗೆ ಗಾಜಿಗೆ ಆನಿಕೊಂಡು ನಿಂತಿತ್ತು.

"ಏಮಿದಿ? ಏನೇ ಇದು? ಓದೇ," ಅಂದಳು ಪೆದ್ದಮ್ಮ. ತೆಲುಗು ಮನೆಮಾತಿನ ಅವಳಿಗೆ ಅಕ್ಷರ ಬಾರದು. ಕ್ಯಾತಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ಓದಬಲ್ಲಳು.

"ವೆಂಕಟಪ್ಪ," ಓದಿದಳು ಕ್ಯಾತಮ್ಮ.

"ನಾ ಕೊಡುಕು? ನನ್ನ ಮಗನಾ?"

"ದಾಸಣ್ಣ." ಕ್ಯಾತಮ್ಮನ ಬೆರಳು ತೊಗಟೆಯಿದ್ದ ಬಾಟಲಿಗೆ ಬಂದು ನಿಂತಿತು.

"ಎವರಿದಿ? ಯಾರ್ದೇ ಅದು?"

"ನಂದು."

ಆಗ ಒದ್ದೆ ತಲೆಯ ಗಾದ್ರಪ್ಪ ಒಳಗೆ ಬಂದ. ಮನೆಗೆ ಬಂದವರನ್ನು ಕಂಡು ಅವನಿಗೆ ಸಂತೋಷವೇ ಆಯಿತು.

"ಬರ್ರಿ, ಕೂತ್ಕಳ್ರಿ. ಒಂದೇ ನಿಮಿಷ, ಹೊತ್ತಾಗಿಬಿಟ್ಟೈತೆ. ಕ್ಯಾತಮ್ಮುಂದು ಇನ್ನೂ ಅಲ್ಲಾಡಿಸಿಲ್ಲ ನಾನು."

ಬಾಟಲಿಯನ್ನು ಎರಡು ಅಂಗೈಗಳ ನಡುವೆ ಹಿಡಿದು ಎಣಿಸಿ ಮೂವತ್ತು ಸಲ ಅಲ್ಲಾಡಿಸಿದ. ದಾರಕ್ಕೊಂದು ಗಂಟು ಬಿಗಿದ. ಬಾಗಿಲ ಬೆಳಕಿಗೆ ಎತ್ತಿ ಹಿಡಿದು ಮೆಚ್ಚಿ ನೋಡಿದ.

"ಚೆನ್ನಾಗಿ ಬಿಟ್ಕಂತಾ ಐತೆ. ಇನ್ನೊಂದು ವಾರಕ್ಕೆ ಸತ್ವ ಎಲ್ಲಾ ಇಳಿದುಬಿಡ್ತದೆ ನೋಡ್ರಿ."

"ನೋವಾಗ್ತದಾ?" ಕ್ಯಾತಮ್ಮನ ದನಿ ಬಾವಿಯೊಳಗಿಂದ ಬಂದಂತಿತ್ತು.

ಬೇವಿನ ಮರದ ಬಗ್ಗೆ ಇಷ್ಟು ಕರುಣೆಯೇ ಎಂದು ಗಾದ್ರಪ್ಪನ ಮನಸ್ಸು ಕರಗಿತು. "ಏನೂ ಗೊತ್ತಾಗಲ್ಲ ಬಿಡ್ರಿ. ಬುಡ ಗಟ್ಟಿ ಐತಲ್ಲ, ಒಂದೆರಡು ವರ್ಷ ತಡಕಂತದೆ."

ಹೆಂಗಸರಿಬ್ಬರೂ ಮೊಸರು ಕೇಳದೆ ಹೋದರು. ಮರುದಿನ ಶಾಲೆಯಲ್ಲಿ ಕ್ಯಾತಮ್ಮನ ಕೈ ಎಷ್ಟು ನಡುಗಿತೆಂದರೆ ಸಾರು ತಟ್ಟೆಗೆ ಬೀಳದೆ ಹೆಡ್‌ಮಾಸ್ತರರ ಪಂಚೆಗೆ ಬಿತ್ತು. ಹೆದರಿಕೆಗೂ ಕೈ ನಡುಗುತ್ತದೆ, ಮಾಟಕ್ಕೂ ನಡುಗುತ್ತದೆ. ಯಾವುದು ಯಾವುದೆಂದು ಹೇಳಲು ಬೀದಿಯಲ್ಲಿ ವೈದ್ಯರಿರಲಿಲ್ಲ.

ಮನೆ ಖಾಲಿ ಮಾಡಿಸಲು ವೆಂಕಟಪ್ಪ ಬಂದ. ಮೆತ್ತಗಿನ ಮನುಷ್ಯ, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಗಾದ್ರಪ್ಪ ಅವನನ್ನು ಕೂರಿಸಿ, ಸೋಡಾ ಒಡೆದು, ಕಪಾಟಿನಿಂದ ಒಂದು ಬಾಟಲಿ ತಂದ.

"ಇನ್ನೂ ಪೂರ್ತಿ ಇಳಿದಿಲ್ಲ, ಆದ್ರೂ ರುಚಿ ನೋಡ್ರಿ. ನಿಮ್ಮದೇ ಹಾಕ್ತೀನಿ ವೆಂಕಟಪ್ಪಾರೆ."

ವೆಂಕಟಪ್ಪ ಚೀಟಿ ನೋಡಿದ. ಬಾಯಿಪಾಠ ಮರೆತುಹೋಯಿತು.

"ಎಷ್ಟು ಹನಿ ಹಾಕ್ತೀಯಪ್ಪ?"

"ಮೂರು. ಬೇಕಂದ್ರೆ ಐದು."

"ಮೂರು ಸಾಕು. ಇರೋದೇ ಅಷ್ಟೊಂದಿಲ್ಲ."

ತನ್ನದು ತನ್ನೊಳಗೇ ಹೋಗಲೆಂದು ವೆಂಕಟಪ್ಪ ಕಣ್ಣು ಮುಚ್ಚಿ ಲೋಟ ಎತ್ತಿದ. ತಳದ ಹನಿಯನ್ನೂ ಬೆರಳಿನಿಂದ ಒರೆಸಿ ನೆಕ್ಕಿದ. ಮನೆಗೆ ಹೋಗಿ ಮಲಗಿದವನು ಎರಡು ದಿನ ಏಳಲಿಲ್ಲ. ಆ ಬೀದಿಯಲ್ಲಿ ಮಗ್ಗಗಳು ಬಹಳ, ಆದರೂ ಒಂದು ಮಗ್ಗ ನಿಂತದ್ದು ಎಲ್ಲರಿಗೂ ಕೇಳಿಸಿತು.

ಶಶಿರೇಖಾಳಿಗೆ ಸುದ್ದಿ ನಲ್ಲಿಯ ಹತ್ತಿರ ಸಿಕ್ಕಿತು. ಕೊಡ ತುಂಬಿಸದೆ ಬಂದಳು.

"ನಾನು ಮೊದಲೇ ಹೇಳಿದ್ದೆ," ಅಂದಳು. ದನಿ ಏರಿರಲಿಲ್ಲ, ಅದಕ್ಕೇ ಗಾದ್ರಪ್ಪ ಹೆದರಿದ. ತೊಗಟೆ, ಬೇರು, ಕೃತಜ್ಞತೆ ಎಂದು ಏನೇನೋ ತೊದಲಿದ. ಅವಳು ಪೂರ್ತಿ ಕೇಳಿದಳು.

"ನಂಗೆ ಅರ್ಥ ಆಗ್ತೈತ್ರಿ. ಅವರಿಗೆ ಆಗಲ್ಲ. ತಗಂಡೋಗಿ ಚೆಲ್ಲಿಬರ್ರಿ. ಇಲ್ಲಾಂದ್ರೆ ಸಂಜೆಗೆ ನಿಮ್ಮ ಬಟ್ಟೆ ಜಗಲೀಲಿ ಇರ್ತದೆ."

ಹನ್ನೊಂದೂ ಬಾಟಲಿಗಳನ್ನು ಕೈಚೀಲಕ್ಕೆ ಹಾಕಿಕೊಂಡು ಗಾದ್ರಪ್ಪ ಊರಾಚೆಯ ಬಂಡೆಗಳ ಕಡೆ ನಡೆದ. ಹೆಜ್ಜೆ ಹೆಜ್ಜೆಗೂ ಚೀಲ ಕಿಣಿಕಿಣಿ ಅಂದಿತು. ತಿರುಗಿ ನೋಡಿದರೆ ಇಡೀ ಬೀದಿ ಹಿಂದೆ ಬರುತ್ತಿತ್ತು. ಯಾರೂ ಬೈಯಲಿಲ್ಲ, ಯಾರೂ ಕೂಗಲಿಲ್ಲ. ಹತ್ತು ಮಾರು ದೂರ ಬಿಟ್ಟು, ಅವನು ನಿಂತರೆ ನಿಂತು, ನಡೆದರೆ ನಡೆದು ಬಂದರು. ಗಾದ್ರಪ್ಪ ಬಂಡೆಯ ಮೇಲೆ ಕೂತು ಕೈಗೆ ಸಿಕ್ಕ ಬಾಟಲಿಯ ಮುಚ್ಚಳ ತೆಗೆದ. ಅದು ದಾಸಣ್ಣನದಾಗಿತ್ತು.

"ಗಾದ್ರಪ್ಪ, ಸ್ವಲ್ಪ ತಡಿಯಪ್ಪ," ಅಂದ ದಾಸಣ್ಣ. ಖಾಕಿ ಅಂಗಿಯಲ್ಲಿದ್ದ, ಕೈಯಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ. "ಅದನ್ನ ಚೆಲ್ಲಿದ್ರೆ ನಾನೆಲ್ಲಿಗೆ ಹೋಗ್ತೀನಿ?"

"ಇದು ನೆಲಬೇವು ಕಣಣ್ಣ, ನೀನೇ ಕಿತ್ತು ಕೊಟ್ಟಿದ್ದು. ನೆಲಬೇವು, ಬ್ರಾಂದಿ, ಅಷ್ಟೇ."

"ಒಪ್ಕಂತೀನಿ. ನೆಲಬೇವೂ ಹೌದು, ಬ್ರಾಂದೀನೂ ಹೌದು. ಹೆಸರು ನಂದಲ್ಲಾ?"

"ಹಂಗಾದ್ರೆ ನಿಮ್ ನಿಮ್ಮದು ನೀವೇ ಮನೆಗೆ ತಗಂಡೋಗಿ ಇಟ್ಕಳ್ರಿ."

ಇಡೀ ಬೀದಿ ಒಂದು ಹೆಜ್ಜೆ ಹಿಂದೆ ಸರಿಯಿತು. ದಾಸಣ್ಣನ ಮನೆಯಲ್ಲಿ ಬೆಕ್ಕಿತ್ತು, ಉರುಳಿಸೀತು. ಒಬ್ಬರ ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗು. ಕ್ಯಾತಮ್ಮ ಎರಡೂ ಕೈ ಮುಂದೆ ಚಾಚಿ ನಡುಕ ತೋರಿಸಿದಳು: "ಈ ಕೈಲಿ ಹೆಂಗಪ್ಪ ಹಿಡೀಲಿ ನನ್ನ?" ಕುಡಿದುಬಿಡಿ ಎಂದರೆ, ಕುಡಿದ ವೆಂಕಟಪ್ಪ ಎರಡು ದಿನದಿಂದ ಗೋಡೆ ನೋಡುತ್ತ ಮಲಗಿದ್ದ.

ಕೊನೆಗೆ ದಾಸಣ್ಣನೇ ತೀರ್ಮಾನ ಹೇಳಿದ. ಊರಿಗೆ ನೀರು ಬಿಡುವವನೂ ನಿಲ್ಲಿಸುವವನೂ ಅವನೇ ಆದ್ದರಿಂದ ಸರ್ಕಾರವೆಂದರೆ ಆ ಬೀದಿಯ ಮಟ್ಟಿಗೆ ದಾಸಣ್ಣ. "ಇಷ್ಟು ದಿನ ಯಾರು ನೋಡ್ಕಂಡಿದ್ರೋ ಅವ್ರೇ ನೋಡ್ಕಳ್ಳಿ. ಚೆಲ್ಲಂಗಿಲ್ಲ, ಒಡೆಯಂಗಿಲ್ಲ. ಮೆತ್ತಗೆ ಅಲ್ಲಾಡಿಸ್ಬೇಕು. ಬೆಳಿಗ್ಗೆ ಎಂಟರಿಂದ ಒಂಬತ್ತರ ತನಕ ಅವರವರದ್ದು ಅವರವರು ಬಂದು ನೋಡ್ಕಂಡು ಹೋಗ್ಬೋದು."

ವಾಪಸು ಬರುವಾಗ ಚೀಲವನ್ನು ಗಾದ್ರಪ್ಪ ಕೂಸಿನಂತೆ ಎತ್ತಿಕೊಂಡು ಬಂದ. ಅವನ ಮುಂದೆ ಇಬ್ಬರು ದಾರಿಯ ಕಲ್ಲು ಆರಿಸುತ್ತ ನಡೆದರು.

ಅಂದಿನಿಂದ ಬೆಳಗಾದರೆ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಒಬ್ಬೊಬ್ಬರೇ ಬಂದು ಕಪಾಟಿನ ಮುಂದೆ ನಿಂತು ತಮ್ಮನ್ನು ನೋಡಿಕೊಳ್ಳುತ್ತಿದ್ದರು. "ನಿನ್ನೆಗಿಂತ ಸ್ವಲ್ಪ ಕಪ್ಪಾಗಿದೀನಲ್ಲ?" ಎಂದು ಕ್ಯಾತಮ್ಮ. "ನನ್ನ ಮುಚ್ಚಳ ಬಿಗಿ ಐತಾ?" ಎಂದು ದಾಸಣ್ಣ. ಕಪಾಟಿನಲ್ಲಿ ಹೆಸರಿಲ್ಲದ ಮನೆಗಳವರು ತಮ್ಮನ್ನೇಕೆ ಬಿಟ್ಟರೆಂದು ಮುನಿಸಿಕೊಂಡರು. ಹದಿನಾಲ್ಕನೆಯ ದಿನ ಸೋಸಬೇಕಿತ್ತು. ಕ್ಯಾತಮ್ಮನನ್ನು ಬಟ್ಟೆಯಲ್ಲಿ ಸೋಸಿ, ಹಿಂಡಿ, ಚರಟ ಎಸೆಯುವುದು ಹೇಗೆ? ಗಾದ್ರಪ್ಪ ಸೋಸಲಿಲ್ಲ. ಗಂಟು ಹದಿನೈದಾಯಿತು, ಇಪ್ಪತ್ತಾಯಿತು.

ಇಷ್ಟಾದರೂ ಒಳಗೊಳಗೆ ಅವನು ನಗುತ್ತಿದ್ದ. ಆ ನಗು ನಿಂತದ್ದು ಒಂದು ರಜೆಯ ಮಧ್ಯಾಹ್ನ. ಅವತ್ತು ಗಾಳಿ ಬಿದ್ದುಹೋಗಿತ್ತು, ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ. ಬೇಸರಕ್ಕೆ ದಾಸಣ್ಣನ ಬಾಟಲಿ ಎತ್ತಿ ಒಮ್ಮೆ ಅಲ್ಲಾಡಿಸಿದ. ಮೂರು ಮನೆ ಆಚೆ ದಾಸಣ್ಣ ಸೀನಿದ. ಗಾದ್ರಪ್ಪ ನಕ್ಕು ಇನ್ನೊಮ್ಮೆ ಅಲ್ಲಾಡಿಸಿದ. ದಾಸಣ್ಣ ಇನ್ನೊಮ್ಮೆ ಸೀನಿದ. ಗಾದ್ರಪ್ಪ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟು ಐದು ನಿಮಿಷ ಕಾದ. ಬೀದಿಯಲ್ಲಿ ಸದ್ದಿಲ್ಲ. ಒಂದೇ ಬೆರಳಿನಿಂದ ಗಾಜನ್ನು ಟಕ್ಕೆಂದು ಮುಟ್ಟಿದ. "ಅಕ್ಷೀ" ಎಂದು ಕೇಳಿಸಿತು, ಸಣ್ಣದಾಗಿ. ಅವನು ಬಾಟಲಿಯನ್ನು ಎರಡೂ ಕೈಯಿಂದ ಎತ್ತಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ.

ಇನ್ನೂ ಕೆಟ್ಟದ್ದು ವೆಂಕಟಪ್ಪನ ಬಾಟಲಿ. ಯಾರೂ ಮುಟ್ಟದಿದ್ದರೂ ದಿನಕ್ಕೆ ಕಡ್ಡಿಯಷ್ಟು ಇಳಿಯುತ್ತಿತ್ತು. ಮುಚ್ಚಳ ಸಡಿಲವಿದ್ದು ಆರಿಹೋಗುತ್ತಿರಬೇಕೆಂದು ಗಾದ್ರಪ್ಪ ಮೇಣ ಹಚ್ಚಿದ, ಆದರೂ ಇಳಿಯಿತು. ಅತ್ತ ವೆಂಕಟಪ್ಪ ಎದ್ದು ಮಗ್ಗಕ್ಕೆ ಕೂತಿದ್ದರೂ ದಿನೇ ದಿನೇ ಬಡಕಲಾಗುತ್ತಿದ್ದ. ತಡೆಯಲಾರದೆ ಗಾದ್ರಪ್ಪ ಒಂದು ದಿನ ಅರ್ಧ ಚಮಚ ಬ್ರಾಂದಿ ಸುರಿದು ಮಟ್ಟ ಸರಿ ಮಾಡಿದ. ಆ ಬೆಳಿಗ್ಗೆ, ಆ ಮೂರು ಹನಿ ಬಿಟ್ಟರೆ ಜನ್ಮದಲ್ಲಿ ಹೆಂಡ ಮುಟ್ಟದ ವೆಂಕಟಪ್ಪ ಮಗ್ಗದ ಮೇಲೆ ಕೂತು ಗಟ್ಟಿಯಾಗಿ ಹಾಡಿದ. ತೆಲುಗಿನಲ್ಲಿ ಎರಡು, ಕನ್ನಡದಲ್ಲಿ ಒಂದು.

ಗಾದ್ರಪ್ಪನಿಗೆ ಊಟ ಸೇರದಾಯಿತು. ಬಸ್ಸು ಎತ್ತಿಹಾಕಿದಾಗಲೆಲ್ಲ ಕಪಾಟು ಅಲುಗಿತೇನೋ ಎಂದು ಎದೆ ಧಸಕ್ಕೆನ್ನುತ್ತಿತ್ತು. ಹನ್ನೊಂದು ಜೀವ ಹೊತ್ತ ಮನುಷ್ಯ ಸೀನುವುದಕ್ಕೂ ಹೆದರುತ್ತಾನೆ. ಅಷ್ಟರಲ್ಲಿ ಕುದಾಪುರದಲ್ಲಿ, ಅತಿಥಿಗೃಹದ ಹಿಂದೆಯೇ ಒಂದು ಕ್ವಾರ್ಟರ್ಸ್ ಖಾಲಿಯಾಗಿದೆ, ಬೇಕಾದರೆ ತೆಗೆದುಕೋ ಎಂದರು ಅಲ್ಲಿನ ಅಧಿಕಾರಿಗಳು. ಅವನಿಗೆ ಸ್ವರ್ಗದ ಬಾಗಿಲು ತೆರೆದಂತಾಯಿತು.

"ಹೋಗಿಬಿಡಾಣ ಕಣೇ," ಅಂದ ಹೆಂಡತಿಗೆ. "ನಾನು ಇಲ್ಲಿ ಬದುಕಾಕಿಲ್ಲ."

ಶಶಿರೇಖಾ ಕುಚ್ಚಿನಿಂದ ತಲೆ ಎತ್ತಲಿಲ್ಲ. ಈಗ ಬೀದಿಯ ಒಳ್ಳೆಯ ಸೀರೆಗಳೆಲ್ಲ ಮೊದಲು ಅವಳ ಜಗಲಿಗೇ ಬರುತ್ತಿದ್ದವು. ನಲ್ಲಿಯಲ್ಲಿ ಅವಳ ಕೊಡ ಮುಂದಿರುತ್ತಿತ್ತು. "ನೀವು ಹೋಗಂಗಿದ್ರೆ ಹೋಗ್ರಿ," ಅಂದಳು. "ವೆಂಕಟಪ್ಪಾರಿಗೆ ಒಂದು ಮಾತು ಹೇಳಿ ಹೋಗ್ರಿ ಮತ್ತೆ."

ಅದರಲ್ಲೇನೋ ಇದೆಯೆಂದು ಬುದ್ಧಿವಂತನಿಗಾದರೆ ತಿಳಿಯುತ್ತಿತ್ತು. ಗಾದ್ರಪ್ಪ ನೆಟ್ಟಗೆ ವೆಂಕಟಪ್ಪನ ಮನೆಗೆ ಹೋದ.

"ಬರೋ ತಿಂಗಳು ಮನೆ ಬಿಡ್ತೀನಿ ವೆಂಕಟಪ್ಪಾರೆ. ಬಾಟಲಿ ಎಲ್ಲಾ ಕಪಾಟಿನಾಗೇ ಇರ್ತವೆ. ಬೀಗದ ಕೈ ನಿಮಗೇ ಕೊಡ್ತೀನಿ."

ವೆಂಕಟಪ್ಪ ಲಾಳಿಯನ್ನು ಪಕ್ಕಕ್ಕಿಟ್ಟ. ಕೋಪ ಮಾಡಿಕೊಳ್ಳಲಿಲ್ಲ. "ಅಮ್ಮನ್ನ ಒಂದು ಮಾತು ಕೇಳು," ಎಂದು ಮಗ್ಗದ ಹಿಂದಿನ ಕೋಣೆ ತೋರಿಸಿದ.

ಕೋಣೆಯಲ್ಲಿ ಕಿಟಕಿಯಿರಲಿಲ್ಲ. ಹೊರಗಿನ ಬಿಸಿಲಿಂದ ಬಂದ ಕಣ್ಣಿಗೆ ಮೊದಲು ಕಂಡದ್ದು ಪೆದ್ದಮ್ಮನ ಬಿಳಿ ತಲೆ, ಆಮೇಲೆ ಅವಳ ಮಡಿಲಲ್ಲಿದ್ದ ಪುಟ್ಟ ಬಾಟಲಿ. ಕುತ್ತಿಗೆಗೆ ದಾರವಲ್ಲ, ಅಂದವಾಗಿ ಕಟ್ಟಿದ ಒಂದು ರೇಷ್ಮೆ ಕುಚ್ಚು. ಅಂಥ ಕುಚ್ಚು ಕಟ್ಟುವ ಕೈ ಆ ಊರಿನಲ್ಲಿ ಒಂದೇ. ಚೀಟಿಯ ಮೇಲಿನ ಅಕ್ಷರವೂ ಅದೇ ಕೈಯದು. ಗಾದ್ರಪ್ಪ ಎಂದು ಬರೆದಿತ್ತು. ಕಪ್ಪು ನೀರಿನ ತಳದಲ್ಲಿ ಅಂಗಿಯ ಗುಂಡಿಯೊಂದು ಬಿದ್ದಿತ್ತು. ಆ ಗುಂಡಿ ಇಲ್ಲದ ಅಂಗಿ ಆ ಹೊತ್ತು ಅವನ ಮೈಮೇಲೇ ಇತ್ತು.

"ನೀ ಪೆಳ್ಳಾಮೇ ಮಾಡಿಕೊಟ್ಟಳು ನಾಯನಾ. ನಿನ್ನ ಹೆಂಡ್ತಿ," ಅಂದಳು ಪೆದ್ದಮ್ಮ, ಬಹಳ ಪ್ರೀತಿಯಿಂದ. "ಬಂಗಾರದಂಥಾ ಹುಡುಗಿ. ನಮ್ಮನ್ನೆಲ್ಲಾ ನೀನು ಇಟ್ಕಂಡಿದ್ದೀಯ, ನಿನ್ನ ಯಾರಾದ್ರೂ ಇಟ್ಕಬೇಕಲ್ಲಾ ಅಂದಳು. ನಾನು ದಿನಾ ಅಲ್ಲಾಡಿಸ್ತೀನಿ. ಮೆತ್ತಗೇ. ನಿಂಗೆ ನೋವಾಗಲ್ಲ ತಾನೇ?"

ಗಾದ್ರಪ್ಪನಿಗೆ ಹೆಂಡತಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷಕ್ಕೆ ತಾನು ಎಲ್ಲೋ ಒಂದು ಕಡೆ ನೆಲೆ ನಿಂತೆನಲ್ಲ ಎಂಬ ಭಯ ಮಾತ್ರ ಬಂದಿತು.

"ಮನೆ ಬಿಡ್ತೀನಂದ್ಯಂತೆ?" ಪೆದ್ದಮ್ಮ ಅವನ ಮುಖ ಸರಿಯಾಗಿ ಕಾಣಲೆಂದು ಮುಂದಕ್ಕೆ ಬಗ್ಗಿದಳು. ಬಗ್ಗುವಾಗ ಕೈಯಲ್ಲಿದ್ದ ಬಾಟಲಿ ಎಡಕ್ಕೆ ವಾಲಿತು.

ಗಾದ್ರಪ್ಪನ ಕಾಲಕೆಳಗಿನ ನೆಲವೂ ಎಡಕ್ಕೆ ವಾಲಿತು. ಅವನು ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡ.

"ಎಲ್ಲಿಗೂ ಹೋಗಲ್ಲ ಪೆದ್ದಮ್ಮ," ಅಂದ. "ಮೊದಲು ಅದನ್ನ ನೆಟ್ಟಗೆ ಹಿಡಕಳ್ರಿ."